ಪಾಪಮ್ಮ ಹೇಳಲಾರದ ಗುಂಡು

ಪಾಪಮ್ಮನ ಬಾಯಲ್ಲಿ ಒಂದು ಮಾತು ಮಾತ್ರ ಬರುತ್ತಿರಲಿಲ್ಲ: ಗುಂಡು. ಗಂಡನಿಗೆ ಗುಂಡಯ್ಯ ಅಂತ ಹೆಸರಿಟ್ಟುಬಿಟ್ಟಿದ್ದರಲ್ಲ, ಅವಳಾದರೂ ಏನು ಮಾಡಿಯಾಳು! ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆ ಅಂತ ಅತ್ತೆ ಅಕ್ಕಯ್ಯಮ್ಮ ಮದುವೆಯ ಮಾರನೆಯ ದಿನವೇ ಹೇಳಿಕೊಟ್ಟಿದ್ದರು. ಅಂದಿನಿಂದ ಒರಳಿನ ಗುಂಡುಕಲ್ಲು ಅವಳಿಗೆ ‘ರುಬ್ಬೋದು’ ಆಯಿತು, ಗುಂಡುಸೂಜಿ ‘ತಲೆ ಇರೋ ಸೂಜಿ’ ಆಯಿತು. ನಲ್ಲಿಯ ಹತ್ತಿರ ಹೆಂಗಸರು ಬೇಕಂತಲೇ, “ಗುಂಡು ಬದನೆಕಾಯಿಗೆ ಏನಂತೀಯೇ?” ಅಂತ ಕೆಣಕುತ್ತಿದ್ದರು. ಪಾಪಮ್ಮ ನಕ್ಕು ಕೊಡ ಎತ್ತಿಕೊಂಡು ಬರುತ್ತಿದ್ದಳು.

ಬಿನ್ನಿಪೇಟೆಯ ಮಿಲ್ಲಿನಲ್ಲಿ ಫಿಟ್ಟರಾಗಿದ್ದ ಗುಂಡಯ್ಯನಿಗೆ ಎರಡನೆಯ ಸಂಸಾರವೊಂದಿತ್ತು. ಗಾಬರಿಯಾಗಬೇಡಿ, ಅದು ಮೋಟಾರ್‌ಸೈಕಲ್ಲು. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ ಹಳೇ ಗಾಡಿ. ಅದನ್ನು ಉಜ್ಜಿ, ಕೊಯ್ದು, ಬೇಡದ ತಗಡೆಲ್ಲ ಕಿತ್ತೆಸೆದು ರೇಸಿನ ಕುದುರೆ ಮಾಡಿಟ್ಟಿದ್ದ. ಭಾನುವಾರ ಬಂದರೆ ನಾಲ್ಕು ಜನ ಗೆಳೆಯರು ಮೈಸೂರು ರಸ್ತೆಯಲ್ಲಿ ಕೆಂಗೇರಿವರೆಗೆ ಪಂದ್ಯ ಕಟ್ಟುತ್ತಿದ್ದರು. ಹೋದ ಸಲ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಅವನು ಯಾರದೋ ರಾಗಿ ಹೊಲಕ್ಕೆ ನುಗ್ಗಿದ್ದ. ಮೊಣಕಾಲು ತರಚಿಕೊಂಡು ಮನೆಗೆ ಬಂದವನನ್ನು ನೋಡಿ ಪಾಪಮ್ಮ ಊಟ ಬಿಟ್ಟು ಅತ್ತಳು.

“ಎತ್ತಿನ ಗಾಡಿಗೂ ನಿಲ್ಲಿಸೋಕೆ ನೆಟ್ಟಗೊಂದು ಬಿರಿ ಇರ್ತದೆ ಕಣೋ,” ಅಂದರು ಅಕ್ಕಯ್ಯಮ್ಮ. “ನಿನ್ನ ಈ ಪಿಶಾಚಿಗೆ ಇಲ್ವಲ್ಲ!”

ಅದಕ್ಕೇ ಈ ಭಾನುವಾರ ರಿಪೇರಿಯ ಸಂಭ್ರಮ. ಗುಜರಿಯಲ್ಲಿ ಹುಡುಕಿ ರೇಸ್ ಗಾಡಿಯೊಂದರ ದೊಡ್ಡ ಬ್ರೇಕ್ ಡ್ರಮ್ಮು ತಂದಿದ್ದ, ಅದರ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಹೊಸ ಬ್ರೇಕ್ ಶೂ, ಬೇರಿಂಗಿಗೆ ಫಳಫಳ ಹೊಳೆಯುವ ಹೊಸ ಗುಂಡುಗಳು. ಮುಂದಿನ ಚಕ್ರವನ್ನು ಅಂಗಳದಲ್ಲಿ ಗೋಣಿಯ ಮೇಲೆ ಮಲಗಿಸಿ, ಗ್ರೀಸು ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿದ. ಮಿಕ್ಕ ಒಂದೆರಡನ್ನು ಚಕ್ರದ ಅಂಚಿನಲ್ಲೇ ಬಿಟ್ಟು ಸ್ಪ್ಯಾನರ್ ಹುಡುಕಲು ತಿರುಗಿದ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪಾಪಮ್ಮ ನೋಡುತ್ತಿದ್ದಾಳೆ, ಒಂದು ಗುಂಡು ಉರುಳಿ ಡ್ರಮ್ಮಿನೊಳಗೆ ಬಿತ್ತು. ಗ್ರೀಸಿನ ಮುದ್ದೆಗೆ ಅಂಟಿಕೊಂಡಿತು, ಸದ್ದೇ ಇಲ್ಲ.

“ರೀ, ಗು...” ಅಂದಳು. ಪಕ್ಕದಲ್ಲೇ ಅತ್ತೆ. ನಾಲಿಗೆ ಕಚ್ಚಿಕೊಂಡು, “ರೀ, ಗೋಲಿ! ಗೋಲಿ!” ಅಂದಳು.

“ಆಯ್ತು ಕಣೇ, ಗೋಲಿ ತಾನೆ? ಮರೆಯಲ್ಲ,” ಅಂದ ಅವನು, ತಿರುಗಿಯೂ ನೋಡದೆ.

ಸದ್ಯ, ತಿಳಿಯಿತಲ್ಲ ಅಂದುಕೊಂಡು ಪಾಪಮ್ಮ ಉಕ್ಕುತ್ತಿದ್ದ ಸಾರಿನ ಕಡೆ ಓಡಿದಳು.

ಅವಳು ಹೊರಗೆ ಬರುವಷ್ಟರಲ್ಲಿ ಚಕ್ರ ಗಾಡಿಗೆ ಏರಿತ್ತು, ಗುಂಡಯ್ಯ ತೊಗಲಿನ ಟೋಪಿ ಹಾಕಿಕೊಂಡು ಗಾಡಿ ಒದ್ದು ಚಾಲೂ ಮಾಡಿದ್ದ. ಹೊರಡುತ್ತಾ ಕೂಗಿದ, “ಗೋಲಿ ಸೋಡಾ ನಿನಗೊಂದೇ ಸಾಕೇನೇ? ಇಲ್ಲ ಅಮ್ಮಂಗೂ ಒಂದು ತರ್ಲಾ?”

ಪಾಪಮ್ಮ ಅಂಗಳದಿಂದ ಬೀದಿಗೆ ಓಡಿದಳು. ಅಯ್ಯೋ ಶಿವನೇ, ಇವರಿಗೆ ಸೋಡಾ ಕೇಳಿಸಿದೆ! ಡ್ರಮ್ಮಿನೊಳಗೆ ಒಂದು ಕಲ್ಲು ಸಿಕ್ಕರೂ ಚಕ್ರ ಕಚ್ಚಿ ಹಿಡಿದು ಸವಾರನನ್ನು ಎತ್ತಿ ಒಗೆಯುತ್ತದೆ ಅಂತ ಅವನೇ ಹೇಳಿದ್ದ. ಕೆಂಗೇರಿಯ ಇಳಿಜಾರು, ಹಿಂದೆ ಮುಂದೆ ಲಾರಿ. ಹೊರಟವರನ್ನು ಹಿಂದಿನಿಂದ ಕೂಗಬಾರದು. ಹೆಸರು ಹಿಡಿದಂತೂ ಕೂಗಲೇಬಾರದು. “ರೀ! ರೀ!” ಅಂದಳು. ಇಂಜಿನ್ನಿನ ಅಬ್ಬರದಲ್ಲಿ ಬೀದಿಯ ಯಾವ ಗಂಡನಿಗಾದರೂ ಆ ‘ರೀ’ ಕೇಳಿಸೀತೇ? ಗಾಡಿ ಬೀದಿಯ ತಿರುವು ಸೇರಿತು.

“ಗುಂಡೂ! ಲೇ ಗುಂಡೂ! ನಿಲ್ಲೋ!”

ಬೀದಿಗೆ ಬೀದಿಯೇ ಪಾಪಮ್ಮನ ಕಡೆ ತಿರುಗಿ ನೋಡಿತು. ಗುಂಡಯ್ಯ ತಬ್ಬಿಬ್ಬಾಗಿ, ಪುಣ್ಯಕ್ಕೆ, ಹಿಂದಿನ ಬ್ರೇಕು ತುಳಿದ.

ಅಂಗಳಕ್ಕೆ ಗಾಡಿ ತಳ್ಳಿಕೊಂಡು ಬಂದು ಡ್ರಮ್ಮು ಬಿಚ್ಚಿದರೆ, ಬ್ರೇಕ್ ಶೂವಿನ ಪಕ್ಕದಲ್ಲೇ ಗುಂಡು ಕೂತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ ಗುಂಡಯ್ಯ ತೊಗಲಿನ ಟೋಪಿ ಕಳಚಿಟ್ಟ. ಪಂದ್ಯದ ಮಾತು ಅವನು ಮತ್ತೆ ಎತ್ತಲಿಲ್ಲ.

ಪಾಪಮ್ಮನಿಗೆ ಈಗ ಬೇರೆ ಹೆದರಿಕೆ. ಜಗಲಿಯಿಂದ ಅಕ್ಕಯ್ಯಮ್ಮ ಇಳಿದು ಬರುತ್ತಿದ್ದರು.

“ತಪ್ಪಾಯ್ತು ಅತ್ತೆ. ಬಾಯಿಗೆ ಬಂದ್ಬಿಡ್ತು. ‘ಲೇ’ ಅಂತ ಬೇರೆ ಅಂದ್ಬಿಟ್ಟೆ,” ಅಂತ ಅಳತೊಡಗಿದಳು.

ಅಕ್ಕಯ್ಯಮ್ಮ ಸೊಸೆಯ ಪಕ್ಕ ಗೋಣಿಯ ಮೇಲೆ ಕೂತರು. ಅವರ ಕಣ್ಣೂ ಒದ್ದೆಯಾಗಿತ್ತು.

“ಅವರಪ್ಪ ಹೋದ್ಮೇಲೆ ಇವನನ್ನ ಗುಂಡೂ ಅಂತ ಕೂಗೋಳು ನಾನೊಬ್ಳೇ ಕಣವ್ವ. ಮಿಲ್ಲಲ್ಲಿ ಫಿಟ್ಟರ್ ಗುಂಡಯ್ಯ, ಬೀದೀಲಿ ಗುಂಡಣ್ಣ. ನಾಳೆ ನಾನೂ ಕಣ್ಮುಚ್ಚಿದ್ರೆ ನನ್ ಮಗನ್ನ ಹಂಗೆ ಕೂಗೋರು ಯಾರೂ ಇರಲ್ವಲ್ಲಾ ಅಂತ ಎಷ್ಟೋ ಸಲ ಸಂಕಟಪಟ್ಟಿದೀನಿ.” ಸೆರಗಿನಿಂದ ಸೊಸೆಯ ಮುಖ ಒರೆಸಿದರು. “ಇನ್ನೊಂದ್ ಸಲ ಕೂಗು, ಕೇಳ್ತೀನಿ.”

ಪಾಪಮ್ಮ ಗಂಡನ ಕಡೆ ನೋಡಿದಳು. ಮೀಸೆಗೆ ಗ್ರೀಸು ಮೆತ್ತಿಕೊಂಡು ಅವನೂ ಕಾಯುತ್ತಿದ್ದ. ಅವಳು ನಾಚಿ ತಲೆ ತಗ್ಗಿಸಿ, ಉಸಿರಿನಷ್ಟು ಮೆತ್ತಗೆ ಅಂದಳು, “ಗುಂಡೂ.”

“ಬಂದೆ,” ಅಂದ, ಪಕ್ಕದಲ್ಲೇ ಕೂತಿದ್ದವನು.