ಎಂಟು ಪಟ್ಟಿಯ ಸಾಫ್ಟ್‌ವೇರ್

೨೦೦೭ರಲ್ಲಿ ಪುಣೆಯ ನಮ್ಮ ಕನ್ನಡ ಬಳಗಕ್ಕೆ ಪಾಡ್‌ಕಾಸ್ಟ್ ಹುಚ್ಚು ಹಿಡಿಯಿತು. ಹಿಡಿಸಿದವನು ನಾನೇ. ಭೋಸರಿಯ ಕಾರ್ಖಾನೆಯೊಂದರ ಗುಮಾಸ್ತನಾದ ನನಗೆ ಕಂಪ್ಯೂಟರ್ ಬರುತ್ತದೆ ಎಂಬುದು ಬಳಗಕ್ಕೆಲ್ಲ ಗೊತ್ತಿತ್ತು. ಎಷ್ಟು ಬರುತ್ತದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಮಾತು, ಹಾಡು ಮುದ್ರಿಸಿ ಬಳಗದ ವೆಬ್‌ಸೈಟಿಗೆ ಏರಿಸಿದರೆ ಯಾವ ಊರಿನವರೂ ಕೇಳಬಹುದು ಎಂದು ವಿವರಿಸಿದೆ.

ಅದನ್ನು ನಿಜಕ್ಕೂ ಮನಸ್ಸಿಗೆ ಹಚ್ಚಿಕೊಂಡವಳು ನನ್ನ ಅವ್ವ ಸಾವಂತ್ರವ್ವ. ಅವಳ ತಂಗಿ ಕಲ್ಲವ್ವ ಸೊಂಟ ಮುರಿದುಕೊಂಡು ಗದಗಿನಲ್ಲಿ ಹಾಸಿಗೆ ಹಿಡಿದಿದ್ದಳು. ಸಣ್ಣವರಿದ್ದಾಗ ಇಬ್ಬರೂ ಒಂದೇ ಬೀಸುಕಲ್ಲಿನ ಗೂಟ ಹಿಡಿದು ಹೇಳುತ್ತಿದ್ದ ಪದವನ್ನು, ನಡುವೆ ತಂಗಿಯ ಹೆಸರು ಸೇರಿಸಿ, ಅವ್ವ ನನ್ನ ಮೈಕಿನ ಮುಂದೆ ನಾಲ್ಕು ನಿಮಿಷ ಹಾಡಿದಳು. ಕಲ್ಲವ್ವನ ಮಗಳು ಕಂಪ್ಯೂಟರನ್ನು ಹಾಸಿಗೆಯ ಪಕ್ಕಕ್ಕೇ ತಂದಿಡುವವಳಿದ್ದಳು. ಓಣಿಯ ಹೆಂಗಸರಿಗೂ ಕರೆ ಹೋಗಿತ್ತು.

ಉಳಿದದ್ದು ಧ್ವನಿ ತಿದ್ದುವ ಸಾಫ್ಟ್‌ವೇರ್ ಆರಿಸುವ ಕೆಲಸ. ಅದಕ್ಕೆ ಮೂರು ಸಭೆಗಳಾದವು. ಸಭೆ ಎಂದರೆ, ಉಡುಪಿ ಕಡೆಯವರಾದ ಉಪಾಧ್ಯಕ್ಷ ಹರಿಶ್ಚಂದ್ರರ ಹಡಪಸರದ ಹೋಟೆಲಿನಲ್ಲಿ ಎಂಟು ಮಂದಿ ಪದಾಧಿಕಾರಿಗಳು ಕೂತು ಇಡ್ಲಿ ತಿನ್ನುವುದು.

"ಪುಕ್ಕಟೆ ಸಿಗೂದೊಂದು ಅದರಿ. ನಮಗ ಅಷ್ಟ ಸಾಕು," ಎಂದೆ.

"ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತ ಇರಂಗಿಲ್ಲೋ ಶಿವರಾಜ," ಎಂದರು ಅಧ್ಯಕ್ಷ ಫಕೀರಪ್ಪನವರು. ಅವರದು ಪಾತ್ರೆ ಅಂಗಡಿ. ಬಾರಿಸಿ ನೋಡದೆ ಅವರು ಏನನ್ನೂ ಒಪ್ಪಿದವರಲ್ಲ.

"ನನ್ನ ಸ್ವರ ಸ್ವಲ್ಪ ದಪ್ಪ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದು ಹರಿಶ್ಚಂದ್ರರು ಕೇಳಿದರು. ಕಾರ್ಯದರ್ಶಿ ಲೀಲಾಕ್ಷಿಯವರಿಗೆ ತಮ್ಮ ಧ್ವನಿಯಿಂದ ಹತ್ತು ವರ್ಷ ಇಳಿಸಬೇಕಿತ್ತು.

ಇಂಥ ಸಾಫ್ಟ್‌ವೇರಿನ ಮುಖ್ಯ ಕೆಲಸ ಬೇಡವಾದದ್ದನ್ನು ಕತ್ತರಿಸುವುದು ಎಂದು ನಾನು ಹೇಳಿದೆ. ಇಡ್ಲಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು.

"ಕತ್ತರಸೂದಾ? ಯಾರನ್ನ?" ಎಂದರು ಫಕೀರಪ್ಪನವರು.

ಮೂರನೆಯ ಸಭೆಯಲ್ಲಿ, ಪರದೆಯ ಮೇಲೆ ಎಂಟು ಉದ್ದನೆಯ ಪಟ್ಟಿಗಳಿರುವ ಸಾಫ್ಟ್‌ವೇರೊಂದನ್ನು ತೋರಿಸಿದೆ. ಒಂದೊಂದು ಪಟ್ಟಿಯಲ್ಲಿ ಒಂದೊಂದು ಧ್ವನಿ ಇಡಬಹುದು. ಒಂದೇ ಪಟ್ಟಿಯಲ್ಲಿ ಒಬ್ಬರ ಹಿಂದೆ ಒಬ್ಬರನ್ನು ಇಟ್ಟರೂ ನಡೆಯುತ್ತದೆ ಎಂದೂ ಪ್ರಾಮಾಣಿಕವಾಗಿ ಹೇಳಿದೆ.

"ಯಾರ ಹಿಂದ ಯಾರು?" ಎಂಬ ಪ್ರಶ್ನೆ ಬಂತು. ಎಂಟು ಮಂದಿಗೆ ಎಂಟು ಪಟ್ಟಿ ಎಂದು ಸರ್ವಾನುಮತದಿಂದ ಠರಾವಾಯಿತು.

ಧ್ವನಿಮುದ್ರಣವೂ ಸಾಂಗವಾಗಿ ನಡೆಯಿತು. ಸ್ವಾಗತ, ಕಡ್ಡಿ ಗೀರುವ ಸದ್ದಿನ ಸಮೇತ ದೀಪ ಬೆಳಗುವುದು, ಪ್ರತಿಯೊಬ್ಬರಿಗೂ ಹಾರ, ಪ್ರತಿ ಹಾರಕ್ಕೂ ಚಪ್ಪಾಳೆ, ಎಂಟು ಭಾಷಣ, ವಂದನಾರ್ಪಣೆ. ಒಟ್ಟು ಹತ್ತೊಂಬತ್ತು ನಿಮಿಷ. ನಮ್ಮ ವೆಬ್‌ಸೈಟು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಅವ್ವನ ಹಾಡಿನ ನಾಲ್ಕು ನಿಮಿಷ ಇನ್ನೂ ಹೊರಗೇ ಇತ್ತು.

ಮೊದಲು ಹಾರಗಳನ್ನು ತೆಗೆದೆ. ಕೇಳುವವನಿಗೆ ಹಾರ ಕಾಣುವುದುಂಟೇ? ಕರಡನ್ನು ಕೇಳಿದ ಹರಿಶ್ಚಂದ್ರರು ಕೂಡಲೇ ಫೋನ್ ಮಾಡಿದರು: "ನಂಗೆ ಹಾರವೇ ಹಾಕ್ಲಿಲ್ಲ ಅಂತ ಜನ ತಿಳ್ಕೊಳ್ಳೋದಿಲ್ವಾ ಮಾರಾಯ್ರೆ?" ಹಾರ ಮರಳಿ ಕೊರಳಿಗೆ ಬಿತ್ತು.

"ನಿಮ್ಮ ಅವ್ವಂದು ಮುಂದಿನ ಸಲ ಹಾಕೂಣಂತ," ಎಂದರು ಫಕೀರಪ್ಪನವರು. "ಮನಿ ಮಂದಿ ಏನ್ ತಪ್ಪ ತಿಳ್ಕೊಳ್ಳಂಗಿಲ್ಲ ಬಿಡು."

ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ಅವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಎಂಟು ಮಂದಿ ಮುನಿಸಿಕೊಂಡರೆ ಬಳಗದಲ್ಲಿ ನನ್ನ ಮಾನ ಹೋಗುತ್ತದೆ, ಅವ್ವ ಮುನಿಸಿಕೊಂಡರೂ ಊಟಕ್ಕೆ ಬಡಿಸುತ್ತಾಳೆ ಎಂದು ನಾನೂ ಲೆಕ್ಕ ಹಾಕಿದ್ದೆ. ಅವಳ ಹಾಡು ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕಾಯಿತು. ಅದನ್ನು ಅವಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅವ್ವ ಇಳಕಲ್ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತಳು. ಹತ್ತೊಂಬತ್ತು ನಿಮಿಷವೂ ಅಲುಗಲಿಲ್ಲ. ಎಂಟು ಹಾರ ಬಿದ್ದವು, ಲೀಲಾಕ್ಷಿಯವರು ಎಳೆಯ ಧ್ವನಿಯಲ್ಲಿ ಎಲ್ಲರನ್ನೂ ವಂದಿಸಿದರು.

"ಮುಗೀತೇನೋ?" ಎಂದಳು ಅವ್ವ.

"ಸಾಫ್ಟ್‌ವೇರ್ ಕೈ ಕೊಡ್ತವ್ವಾ. ನಿಂದಷ್ಟ ಅಳಿಸಿಹೋತು," ಎಂದೆ.

ಅವಳಿಗೆ ಸಾಫ್ಟ್‌ವೇರ್ ಗೊತ್ತಿರಲಿಲ್ಲ. ನಾನು ಮೂವತ್ತೆಂಟು ವರ್ಷದಿಂದ ಗೊತ್ತಿದ್ದೆ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನ್ ಬಂತು. ಗದಗಿನಿಂದ ಕಲ್ಲವ್ವ. ಅವಳ ಹಿಂದೆ ಓಣಿಯ ಹೆಂಗಸರ ಗದ್ದಲ ನನಗೂ ಕೇಳಿಸುತ್ತಿತ್ತು.

"ಇಲ್ಲ ಕಲ್ಲವ್ವಾ, ಅವತ್ತ ನನ್ನ ಗಂಟಲ ಕಟ್ಟಿತ್ತು," ಎಂದಳು ಅವ್ವ. "ಶಿವರಾಜ ಭಾಳ ಕೈ ಮುಗದು ಕೇಳಿದಾ. ನಾನ ಹಾಡಂಗಿಲ್ಲ ಅಂದೆ."