ಮೂಲೆಯ ಹಲ್ಲು

ಹಲಸೂರಿನಲ್ಲಿ ಬೋರ್ಡು ಬರೆಯುವ ಮುನಿಶಾಮಿಗೆ ಆ ಹುಡುಗಿಯ ಮೇಲೆ ಮೊದಲ ದಿನವೇ ಗುಮಾನಿ. ಕಲಬುರಗಿ ಕಡೆಯ ಪ್ರತಿಭಾ, ಇಂದಿರಾನಗರದ ಆಫೀಸೊಂದರಲ್ಲಿ ಫಾಂಟ್, ಅಂದರೆ ಕಂಪ್ಯೂಟರಿನ ಅಕ್ಷರ, ಮಾಡುವವಳಂತೆ. ಅವನು ಬರೆದ ಜಿಮ್ಮಿನ ಬೋರ್ಡು, ವೆಲ್ಡಿಂಗ್ ಅಂಗಡಿಯ ಶಟರು, ಎಲ್ಲದರ ಫೋಟೊ ಹೊಡೆದುಕೊಂಡು ಈಗ ಮೂರನೇ ಸಲ ಮನೆಗೇ ಬಂದಿದ್ದಳು. ಸುಮ್ಮಸುಮ್ಮನೆ ಯಾರು ಬರುತ್ತಾರೆ? ಗುಟ್ಟು ತಿಳಿಯಲು, ಅವನ ಗಿರಾಕಿಗಳ ಮೇಲೆ ಕಣ್ಣಿಟ್ಟ ಫ್ಲೆಕ್ಸ್ ಅಂಗಡಿಯ ನರೇಶನೇ ಕಳಿಸಿರಬೇಕು.

ಗುಟ್ಟೇನೋ ಇತ್ತು. ಎರಡು ವರ್ಷದಿಂದ ಮುನಿಶಾಮಿಯ ಬಲಗೈ ನಡುಗುತ್ತಿತ್ತು. ಮುತ್ತು ಪೋಣಿಸಿದ ಹಾಗೆ ದುಂಡಗೆ ಬರೆಯುತ್ತಿದ್ದವನಿಗೆ ಒಂದು ‘ರ’ ಸುತ್ತಲೂ ಆಗದಾಯಿತು. ಆಗ ಗೋಡೆಗೆ ಟೇಪು ಅಂಟಿಸಿ, ನಡುವೆ ಬಣ್ಣ ತುಂಬಿ, ಟೇಪು ಕಿತ್ತ. ಇಟ್ಟಿಗೆ ಕಡಿದು ಜೋಡಿಸಿದಂಥ ದಪ್ಪ, ಚೂಪು ಮೂಲೆಯ ಅಕ್ಷರ ಎದ್ದು ನಿಂತಿತು. “ಇದು ಹೊಸ ಸ್ಟೈಲು” ಎಂದ. ಜನ ನಂಬಿದರು, ಮೆಚ್ಚಿದರು ಕೂಡ. ನಿಜ ಗೊತ್ತಿದ್ದದ್ದು ಹೆಂಡತಿ ಯಶೋದಮ್ಮನಿಗೆ ಮಾತ್ರ. ಬಯಲಾದರೆ ನಡುಗುವ ಕೈಗೆ ಯಾರು ಬೋರ್ಡು ಕೊಡುತ್ತಾರೆ? ಪೇಂಟರ್ ಮುನಿಶಾಮಿ ಎಂಬ ನಲವತ್ತು ವರ್ಷದ ಹೆಸರು ಅಲ್ಲಿಗೆ ಮುಗಿದ ಹಾಗೆ.

“ಕಾಕಾ, ಫಾಂಟ್ ಆತು ನೋಡ್ರಿ,” ಎಂದು ಪ್ರತಿಭಾ ಲ್ಯಾಪ್‌ಟಾಪ್ ತೆರೆದಳು. ಅವನ ಅಕ್ಷರಗಳು ನಾಟಕದ ಪೋಸ್ಟರಿನಲ್ಲಿ, ಟೀ ಶರ್ಟಿನ ಎದೆಯ ಮೇಲೆ, ಕಾಫಿ ಡಬ್ಬಿಯ ಮೇಲೆ ಕೂತಿದ್ದವು. “ದೊಡ್ಡ ಹೆಡ್ಡಿಂಗಿಗಷ್ಟೇ ರೀ ಇದು. ಸಣ್ಣದು ಮಾಡಿದ್ರ ಓದಾಕ ಬರಂಗಿಲ್ಲ. ಒಂದ್ ಕೇಳ್ಬೇಕಿತ್ತು. ಪ್ರತಿ ಮೂಲ್ಯಾಗೂ ಸಣ್ಣ ಹಲ್ಲಿನಂಗ ಬಣ್ಣ ಹೊರಗ ಬಂದದಲ್ಲ, ಅದ್ಯಾಕ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮುನಿಶಾಮಿ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡ. ಟೇಪು ಒತ್ತುವಾಗ ಕೈ ನಡುಗಿ, ಮೂಲೆ ಸರಿಯಾಗಿ ಕೂರದೆ, ಬಣ್ಣ ನುಸುಳಿ ಆದ ತಪ್ಪು ಅದು. “ಅದಾ... ನಮ್ಮ ಗುರುಗಳು ಹೇಳ್ಕೊಟ್ಟಿದ್ದು. ಬೇಕಂತ್ಲೇ ಬಿಡೋದು,” ಎಂದ.

“ನಾನೂ ಹಂಗs ಅನ್ಕೊಂಡೆ. ಎಲ್ಲಾ ಅಕ್ಷರಕ್ಕೂ ಇಟ್ಟೀನ್ರಿ,” ಎಂದು ಅವಳು ಒಂದು ಕಾಗದ ಚಾಚಿದಳು. “ಫಾಂಟಿಗೆ ನಿಮ್ಮ ಹೆಸರೇ, ‘ಮುನಿಶಾಮಿ’. ಒಪ್ಪಿಗೆ ಅಂತ ಇಲ್ಲೊಂದು ಸೈನ್ ಹಾಕ್ರಿ.”

ಸೈನು! ಇದೇ ಬಲೆ ಎಂದುಕೊಂಡ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಎರಡು ಸಲ ಓದಿದ. ಮೋಸ ಏನೂ ಸಿಗಲಿಲ್ಲ. ಗುಮಾನಿ ಹೊಕ್ಕ ತಲೆಗೆ ಅದೂ ಸಾಲದು. “ಆಮೇಲ್ ಹಾಕ್ತೀನಿ, ಹೋಗಮ್ಮ.”

ಅಡುಗೆಮನೆಯಿಂದ ಯಶೋದಮ್ಮ ಸಿಡುಕಿದಳು. “ಇನ್ನೆಷ್ಟು ದಿನ ಬಚ್ಚಿಡ್ತೀರಿ? ಹೆಸರೂ ಬೇಡ್ವಾ ನಿಮ್ಗೆ?”

ಮುನಿಶಾಮಿ ಪೆನ್ನು ಹಿಡಿದ. ತುದಿ ಕಾಗದದ ಮೇಲೆ ಟಕಟಕ ಬಡಿಯಿತು. ಪ್ರತಿಭಾ ನೋಡಿಬಿಟ್ಟಳು. ನಾಚಿಕೆಯಿಂದ ಅವನ ಮುಖ ಸುಟ್ಟಂತಾಯಿತು. ಪೆನ್ನು ಅತ್ತ ಎಸೆದು, ಟೇಪು ಹರಿದು ಕಾಗದಕ್ಕೆ ಅಂಟಿಸಿದ. ಬ್ರಷ್ಷಿನಲ್ಲಿ ಒಂದು ‘ಮು’ ತುಂಬಿ, ಟೇಪು ಕಿತ್ತ. ಅಕ್ಷರ ನೆಟ್ಟಗೆ ನಿಂತಿತ್ತು. ಮೂಲೆಗಳಲ್ಲಿ ಹಲ್ಲುಗಳಿದ್ದವು.

ಪ್ರತಿಭಾ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡಳು. “ಕಾಕಾ, ಫಾಂಟಿನ್ಯಾಗಿಂದ ಹಲ್ಲು ತೆಗೀಲೇನ್ರಿ?”

“ಬೇಡಮ್ಮ,” ಎಂದ ಮುನಿಶಾಮಿ. “ಗೆರೆ ಎಲ್ಲಾ ಟೇಪಿಂದು. ನನ್ ಕೈಯ್ದು ಅಂತ ಇರೋದು ಅದೊಂದೇ.”