ನಾ ಬರ್ಲಾ

"ಫೋನಿನ್ಯಾಗ ಕಡೀಗೆ ಏನಂದ್ರು ಅನ್ನೋದನ್ನ ಮಾತ್ರ ಬಿಡಬ್ಯಾಡವಾ. ಜನ ಅದನ್ನ ಕೇಳಾಕ ಬಂದಾರ," ಎಂದು ಜಂಬಣ್ಣ ಮೂರನೇ ಸಲ ಹೇಳಿ ಹೋದರು. ಮರುಳಸಿದ್ದಮ್ಮ ತಲೆಯಾಡಿಸಿದಳು. ಮಗಳು ಬರೆದುಕೊಟ್ಟ ಭಾಷಣದ ಹಾಳೆ ಅಂಗೈ ಬೆವರಿಗೆ ಆಗಲೇ ಒದ್ದೆಯಾಗಿತ್ತು. ಎಣ್ಣೆ ಅಂಗಡಿಯ ಜಂಬಣ್ಣನವರಿಗೆ ಶ್ರದ್ಧಾಂಜಲಿ ಸಭೆ ಚೆಂದಾಗಬೇಕೆನ್ನುವ ಹಂಬಲ, ತಪ್ಪೇನಿಲ್ಲ. ಹಡಗಲಿಯಲ್ಲಿ ಅವರೇ ಮುಂದೆ ನಿಂತು ಪೆಂಡಾಲು ಹಾಕಿಸಿದ್ದರು, ಅನಿಮಾ ಸಿಸ್ಟರ್ ಫೋಟೋಕ್ಕೆ ಮಾರುಗಟ್ಟಲೆ ಮಲ್ಲಿಗೆ ಇಳಿಬಿಡಿಸಿದ್ದರು. ಯಾವ ಪುಣ್ಯಾತಗಿತ್ತಿಯೋ ಏನೋ, ಫೋಟೋದ ಹಣೆಗೆ ಕುಂಕುಮವನ್ನೂ ಹಚ್ಚಿಬಿಟ್ಟಿದ್ದಳು.

ಅನಿಮಾ ಸಿಸ್ಟರ್ ದೂರದ ಜಾರ್ಖಂಡಿನ ಕ್ರೈಸ್ತ ಸನ್ಯಾಸಿನಿ. ಹಡಗಲಿಯ ಮಿಶನ್ ದವಾಖಾನೆಯಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದರು. ಕುರಿಹಟ್ಟಿಗಳಿಗೆ ನಡೆದೇ ಹೋಗಿ ಹೆರಿಗೆ ಮಾಡಿಸಿದ ಹೆಂಗಸು. ಮೂರು ವರ್ಷದ ಹಿಂದೆ ಅವರ ಸಂಸ್ಥೆ ಅವರನ್ನು ಆಫ್ರಿಕಾದ ಒಂದು ಆಸ್ಪತ್ರೆಗೆ ಕಳಿಸಿತು. ಆ ದೇಶದ ಹೆಸರು ಮರುಳಸಿದ್ದಮ್ಮನ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ. ಹೋದ ತಿಂಗಳು ಭಯೋತ್ಪಾದಕರು ಬಂದೂಕು ಹಿಡಿದು ಆ ಆಸ್ಪತ್ರೆಗೇ ನುಗ್ಗಿದರು. ಹೆರಿಗೆ ವಾರ್ಡಿನ ಬಾಗಿಲಿಗೆ ಅಡ್ಡ ನಿಂತ ಸಿಸ್ಟರ್ ಅಲ್ಲೇ ಬಿದ್ದರು.

ಮರುಳಸಿದ್ದಮ್ಮ ಇಲ್ಲಿಯ ದವಾಖಾನೆಯ ಆಯಾ. ಸಿಸ್ಟರಿಗೆ ಕನ್ನಡ ಕಲಿಸಿದವಳೂ ಅವಳೇ. ಮೊದಮೊದಲು ಸಿಸ್ಟರ್ ಯಾರ ಮನೆಯಿಂದ ಎದ್ದರೂ "ನಾನು ಹೋಗ್ತೇನೆ" ಅನ್ನುತ್ತಿದ್ದರು. ಒಂದು ಬಾಣಂತಿಯ ಮನೆಯಲ್ಲಿ ಹಾಗೆ ಅಂದಾಗ ಅಲ್ಲಿದ್ದ ಮುದುಕಿಯರ ಮುಖ ಕಪ್ಪಿಟ್ಟಿತು. ಹೊರಗೆ ಬಂದ ಮೇಲೆ ಇವಳು ತಿದ್ದಿದಳು. "ಹೋಗ್ತೀನಿ ಅನಬಾರದ್ರಿ ಸಿಸ್ಟರ್, ಕೆಟ್ಟ ಆಕ್ಕತಿ. ಬರ್ಲಾ ಅನ್ನಬೇಕು." ಹೋಗುವಾಗ ಬರ್ಲಾ ಅಂದರೆ ಬರುವಾಗ ಏನನ್ನಬೇಕು ಎಂದು ಸಿಸ್ಟರ್ ಕೇಳಿದರು. ಬರುವಾಗಲೂ ಬರ್ಲಾ ಅಂತಲೇ ಕೇಳೋದು ಎಂದಳು ಇವಳು. ದಾರಿಯುದ್ದಕ್ಕೂ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಕಡೆಯ ಫೋನು ಬಂದದ್ದು ಸಾಯುವುದಕ್ಕೆ ನಾಲ್ಕು ದಿನ ಮುಂಚೆ. ಅವತ್ತು ದವಾಖಾನೆಯಲ್ಲಿ ಲಸಿಕೆ ಹಾಕುವ ದಿನ, ಕೂಸುಗಳ ಅಳುವಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. ಮಳೆ ಆತಾ, ಮಗಳು ಪಾಸಾದಳಾ ಎಂದೆಲ್ಲ ವಿಚಾರಿಸಿದ ಮೇಲೆ ಸಿಸ್ಟರ್ ಅಂದರು.

"ಸಿದ್ದಮ್ಮಾ, ನಾ ಬರ್ಲಾ?"

"ಹೂಂ ರೀ, ಹೋಗಿ ಬರ್ರಿ."

"ಹಂಗಂತೀ?" ಎಂದರು ಸಿಸ್ಟರ್.

"ಹೂಂ ಮತ್ತ. ಆರಾಮ ಇರ್ರಿ," ಎಂದು ಇವಳು ಫೋನಿಟ್ಟು, ಅಳುವ ಕೂಸಿನ ತೋಳು ಹಿಡಿಯಲು ಓಡಿದ್ದಳು.

ಸತ್ತ ಸುದ್ದಿ ಬಂದ ದಿನದಿಂದ ಆ "ಹಂಗಂತೀ" ಎದೆಯಲ್ಲಿ ನೆಟ್ಟುಕೊಂಡಿತ್ತು. ಫೋನಿಡುವ ಹೊತ್ತಿಗೆ ಯಾರಾದರೂ ಹಂಗಂತೀ ಅಂತಾರೇನು? ಹಡಗಲಿಗೆ ಬರ್ಲಾ ಎಂದು ಕೇಳಿದರೋ, ಇನ್ನು ಫೋನಿಡ್ಲಾ ಎಂದರೋ? ಗಂಡ ಬಂಗಾರಪ್ಪನ ಮುಂದೆ ಅತ್ತುಕೊಂಡಳು. ಗುಂಡು ಹಾಕಿದವರು ಅವರು, ನೀನ್ಯಾಕ ಸಾಯ್ತಿ ಸುಮ್ಮನಿರು ಎಂದು ಅವನು ಬೈದ. ಅವನು ಹೇಳಿದ್ದು ಖರೆ ಇರಬೇಕೆಂದು ಆಸೆಪಟ್ಟಳು.

ಸಭೆ ಶುರುವಾಯಿತು. ಸಂಸ್ಥೆಯ ಹಿರಿಯ ಸಿಸ್ಟರ್ ರಾಂಚಿಯಿಂದ ಬಂದಿದ್ದರು. ಅವರು ಹಿಂದಿಯಲ್ಲಿ ಮಾತಾಡಿದಂತೆ ಹೈಸ್ಕೂಲಿನ ಸುಕನ್ಯಾ ಮೇಡಂ ಕನ್ನಡದಲ್ಲಿ ಹೇಳುತ್ತ ಹೋದರು. ಅಲ್ಲಿ ಗಲಾಟೆ ಹೆಚ್ಚಿತ್ತು, ತೀರಿಕೊಳ್ಳೋದಕ್ಕೆ ಐದು ದಿನ ಮುಂಚೆ, ವಾಪಸ್ ಹಡಗಲಿಗೇ ಹೋಗು ಅಂತ ನಾವೇ ಅಂದಿದ್ದೆವು. ಕೇಳಬೇಕಾದವರನ್ನ ಒಂದು ಮಾತು ಕೇಳಿ ಹೇಳ್ತೀನಿ ಅಂದಳು. ಮಾರನೇ ದಿನ, ಕೇಳಿದೆ, ಇಲ್ಲೇ ಇರ್ತೀನಿ ಅಂದಳು.

ಹಿರಿಯ ಸಿಸ್ಟರ್ ಕೈ ಮೇಲಕ್ಕೆ ತೋರಿಸಿದರು. "ಅನಿಮಾ ದೇವರನ್ನ ಕೇಳಿದ್ದರು," ಎಂದರು ಸುಕನ್ಯಾ ಮೇಡಂ. ಪೆಂಡಾಲಿನ ತುಂಬ ಚಪ್ಪಾಳೆ.

ಸಿಸ್ಟರ್ ಕೇಳಿದ್ದು ಯಾರನ್ನ ಅನ್ನುವುದು ಆ ಪೆಂಡಾಲಿನಲ್ಲಿ ಮರುಳಸಿದ್ದಮ್ಮ ಒಬ್ಬಳಿಗೇ ಗೊತ್ತಿತ್ತು. ಎದ್ದು ಓಡಿಹೋಗಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ಜಂಬಣ್ಣ ಅವಳ ಹೆಸರು ಕೂಗಿದರು.

ಮೈಕಿನ ಮುಂದೆ ಹಾಳೆಯ ಅಕ್ಷರ ಒಂದೂ ಕಾಣಿಸಲಿಲ್ಲ. ಮಗಳು ಬರೆದಿದ್ದ ದೇವತೆ, ದೀಪ, ತ್ಯಾಗ ಎಲ್ಲ ಬಿಟ್ಟು, ಇದ್ದದ್ದನ್ನೇ ಹೇಳಿಬಿಟ್ಟಳು.

"ಸಿಸ್ಟರ್ ಫೋನ್ ಮಾಡಿ, ಸಿದ್ದಮ್ಮಾ ನಾ ಬರ್ಲಾ ಅಂದ್ರು. ನಾನು, ಹೋಗಿ ಬರ್ರಿ ಅಂದೆ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಡುವಾಗ ತಾವೂ ದಿನಾ ಹತ್ತು ಸಲ ಆಡುವ ಮಾತು, ಅದರಲ್ಲಿ ತಿಳಿಯದಂಥದ್ದು ಏನಿದೆ? ಸುಕನ್ಯಾ ಮೇಡಂ ಹಿಂದಿಯಲ್ಲಿ ಹೇಳಿದ್ದೇ ತಡ, ಹಿರಿಯ ಸಿಸ್ಟರ್ ಎದ್ದು ಬಂದು ಮರುಳಸಿದ್ದಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಎಷ್ಟು ಪ್ರೀತಿಯಿಂದ ಬೀಳ್ಕೊಟ್ಟಿದೀಯಮ್ಮ ಅಂತಿದಾರೆ ಎಂದರು ಮೇಡಂ.

"ಅಲ್ರೀ, ಅವರು ಹೊಳ್ಳಿ ಹಡಗಲಿಗೆ ಬರ್ಲಾ ಅಂತ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ಹೊಡೆಯತೊಡಗಿತು. ಜಂಬಣ್ಣ ಮೆಲ್ಲಗೆ ಬಂದು, ಸಾಕವಾ, ಚಲೋ ಹೇಳಿದಿ, ಕುಂದ್ರು ಎಂದು ಮೈಕಿಗೆ ಕೈ ಚಾಚಿದರು.

"ಬಿಡ್ರಿ, ಇನ್ನಾ ಮುಗಿದಿಲ್ಲ," ಎಂದಳು ಮರುಳಸಿದ್ದಮ್ಮ. ಮೈಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಚಪ್ಪಾಳೆ ನಿಲ್ಲುವುದನ್ನು ಕಾಯುತ್ತ ನಿಂತಳು.